ಮೇಜರಪ್ಪನ ಸಿವಿಲ್

ದುಭಾಷಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿರುವ ನಮ್ಮ ಕಚೇರಿಯ ಹಿರಿಯರೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ದಾಟಿಸಬೇಕು, ನಿನ್ನ ಕಡೆಯಿಂದ ಉಪ್ಪು ಖಾರ ಹಾಕಬಾರದು ಎಂದು ಬುದ್ಧಿ ಹೇಳಿದರು. ನಾನು ವಿಧೇಯಳಾಗಿ ತಲೆಯಾಡಿಸಿದೆ, ಒಳಗೊಳಗೇ ನಕ್ಕೆ. ನನ್ನ ಜೀವಮಾನದ ಅತ್ಯುತ್ತಮ ಅನುವಾದವನ್ನು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಮಾಡಿ ಮುಗಿಸಿದ್ದೆ. ಅದರಲ್ಲಿ ಉಪ್ಪೂ ಇತ್ತು, ಖಾರವೂ ಇತ್ತು, ನಿಘಂಟು ತೆಗೆದು ನೋಡಿದರೆ ಶುದ್ಧ ತಪ್ಪೂ ಆಗಿತ್ತು. ಆದರೂ ಅದರ ಒಂದಕ್ಷರವನ್ನೂ ನಾನು ಇವತ್ತಿಗೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಯಾರು ಬೇಕಾದರೂ ವಾದಕ್ಕೆ ಬರಲಿ, ನಾನು ತಯಾರಿದ್ದೇನೆ.

ಆಗ ನಮ್ಮ ಮನೆ ಇದ್ದದ್ದು ಕ್ಲಾಂಗ್ ಬಂದರಿಗೆ ಹೋಗುವ ದೊಡ್ಡ ರಸ್ತೆಯ ಹಿಂದಿನ ಬೀದಿಯಲ್ಲಿ, ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಸಾಲುಮನೆಗಳಲ್ಲಿ. ಕಂಟೇನರ್ ಲಾರಿ ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ಗಿಲಿಗಿಲಿ ಎನ್ನುತ್ತಿದ್ದವು. ಅವು ಸುಮ್ಮನಿದ್ದರೆ ಇವತ್ತು ಏನೋ ರಜೆ ಎಂದು ನಮಗೆ ಗೊತ್ತಾಗುತ್ತಿತ್ತು. ಮುಂದೆ ಕಾರು ನಿಲ್ಲಿಸುವ ಪೋರ್ಚು, ಅದಕ್ಕೊಂದು ಕಬ್ಬಿಣದ ಗ್ರಿಲ್ ಬಾಗಿಲು, ಒಳಗೆ ಹಾಲ್, ಹಾಲಿನ ಗೋಡೆಯಲ್ಲಿ ಪೇಟ ಸುತ್ತಿಕೊಂಡು ಯಾರ ಮೇಲೋ ಸಿಟ್ಟಾದವರಂತೆ ಕೂತ ತಾತನ ಫೋಟೊ. ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಅಡುಗೆಮನೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ, ಮನೆ ಕಟ್ಟಿದವರು ಅದನ್ನು ಕೆಲಸದವಳಿಗೆಂದು ಕಟ್ಟಿದ್ದರು. ಮಂಡ್ಯದಿಂದ ಬಂದ ಅಜ್ಜಿ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಅದೇ ತನಗಿರಲಿ ಎಂದಳು. ಅಲ್ಲಿ ಮಲಗಿದರೆ ಬೆಲ್ಲದ ಡಬ್ಬಿಯ ಮುಚ್ಚಳ ಯಾರು ತೆಗೆದರೂ ಕೇಳುತ್ತದೆ ಎಂಬುದು ಅವಳ ಲೆಕ್ಕಾಚಾರ. ಆ ಕೋಣೆಗೆ ಇನ್ನೂ ಒಂದು ಕಾನೂನಿತ್ತು. ಹೊರಗೆ ನಾನು ಶಾಲೆಯಲ್ಲಿ ಮಲಯ್ ಮತ್ತು ಇಂಗ್ಲಿಷ್, ದಿನಸಿ ಅಂಗಡಿಯಲ್ಲಿ ತಮಿಳು ಮಾತಾಡುತ್ತಿದ್ದೆ. ಕನ್ನಡ ಅರ್ಥವಾದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತಿತ್ತು. ಅಜ್ಜಿ ಅದಕ್ಕೆ ಬೈಯಲಿಲ್ಲ, ಗೋಳಾಡಲಿಲ್ಲ. ಕಿವುಡಿಯಾಗಿಬಿಟ್ಟಳು.

"ಇಂಗ್ಲೀಸಲ್ಲಿ ಕೇಳಿದ್ರೆ ನಂಗೆ ಕೇಳಕ್ಕಿಲ್ಲ ಕನ್ ಮಗಾ. ವಯಸ್ಸಾಯ್ತಲ್ಲ, ಕಿವಿ ಮಂದ."

ಅದೇ ಕಿವಿಗೆ ಡಬ್ಬಿಯ ಮುಚ್ಚಳ ಕೇಳುತ್ತಿತ್ತು. ಬೆಲ್ಲ ಬೇಕಾದರೆ ಕನ್ನಡದಲ್ಲಿ ಕೇಳಬೇಕು, ಮುದ್ದೆಗೆ ತುಪ್ಪ ಬೇಕಾದರೆ ಕನ್ನಡದಲ್ಲಿ ಕೇಳಬೇಕು. ಹೊಟ್ಟೆಬಾಕಿಯಾದ ನಾನು ಒಂದು ಮಳೆಗಾಲ ಕಳೆಯುವುದರಲ್ಲಿ ಅಚ್ಚ ಮಂಡ್ಯದ ಹುಡುಗಿಯಾದೆ. ನನ್ನ ಕನ್ನಡಕ್ಕೆ ಇವತ್ತು ಯಾರಾದರೂ ಶಹಬ್ಬಾಸ್ ಎಂದರೆ ಅದು ಆ ಬೆಲ್ಲದ ಡಬ್ಬಿಗೆ ಸಲ್ಲಬೇಕು.

ಈಗ ಅಪ್ಪನ ವಿಷಯ. ಕಂಟೇನರುಗಳನ್ನು ಹಡಗಿಗೆ ಹತ್ತಿಸುವ ಕಂಪನಿಯಲ್ಲಿ ಅಪ್ಪನ ಕೆಲಸ. ಆದರೆ ಅಪ್ಪನ ಹೆಮ್ಮೆಯೆಲ್ಲ ಇದ್ದದ್ದು ಊರಿನ ಒಂದು ಆಲೆಮನೆಯ ಮೇಲೆ. ತಾತ ತೀರಿಕೊಂಡ ಮೇಲೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆ ಆಲೆಮನೆಯನ್ನು ದೊಡ್ಡಪ್ಪ ತಾನೇ ನಡೆಸತೊಡಗಿದರು. ಪರದೇಶಕ್ಕೆ ಹೋದ ತಮ್ಮನಿಗೆ ಬೆಲ್ಲದ ಹೊಗೆ ಯಾಕೆ ಬೇಕು ಎಂದರಂತೆ. ಅಪ್ಪ ಮಂಡ್ಯದ ಕೋರ್ಟಿನಲ್ಲಿ ದಾವೆ ಹಾಕಿದರು. ನಮ್ಮ ಕಡೆ ಅದನ್ನು ಸಿವಿಲ್ ಹಾಕುವುದು ಎನ್ನುತ್ತಾರೆ. ವರ್ಷಗಟ್ಟಲೆ ನಡೆದ ಆ ಸಿವಿಲ್ಲನ್ನು ಅಪ್ಪ ಗೆದ್ದರು. ಆಲೆಮನೆ ಅಪ್ಪನ ಹೆಸರಿಗೆ ಬಂತು, ಅಪ್ಪ ಕ್ಲಾಂಗಿನಲ್ಲಿದ್ದರು, ಆದ್ದರಿಂದ ಅದಕ್ಕೆ ಬೀಗ ಬಿತ್ತು. ಗೆದ್ದವರು ಗೆಲುವಿನ ಜೊತೆಗೆ ತಾಯಿಯನ್ನೂ ಕರೆದುಕೊಂಡು ಬಂದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಎಡೆಯೂ ಬೇರೆ ಆಯಿತು. ಎಡೆ ಎಂದರೆ, ಪಿತೃಪಕ್ಷದ ಕೊನೆಯ ಅಮಾವಾಸ್ಯೆಯಂದು ತೀರಿಹೋದ ಹಿರಿಯರಿಗೆ ಅವರ ಇಷ್ಟದ ಅಡುಗೆ ಮಾಡಿ ಬಾಳೆಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕುವುದು. ಒಗ್ಗಟ್ಟಿನ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದು ಎಡೆ. ಮನೆ ಒಡೆದರೆ ಎಡೆಯೂ ಒಡೆಯುತ್ತದೆ. ಒಬ್ಬ ಮಗ ಮಂಡ್ಯದಲ್ಲಿ ಇಡುತ್ತಿದ್ದ, ಇನ್ನೊಬ್ಬ ಕ್ಲಾಂಗಿನಲ್ಲಿ. ತಾತ ಸಮುದ್ರ ದಾಟಿ ಎರಡು ಕಡೆ ಉಣ್ಣಬೇಕಿತ್ತು. ಅಜ್ಜಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ, ತಾನು ಕಣ್ಣು ಮುಚ್ಚುವುದರೊಳಗೆ ಅದು ಮತ್ತೆ ಒಂದೇ ಎಡೆಯಾಗಬೇಕು.

ನಮ್ಮ ಎಡಗಡೆಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಮೇಜರ್ ಇದ್ದರು. ಹುಟ್ಟಿದ್ದು ಐರ್ಲೆಂಡಿನಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಆಫ್ರಿಕದ ಒಂದು ದೇಶಕ್ಕೆ ವಲಸೆ ಹೋಗಿ, ಅಲ್ಲಿಯವರೇ ಆಗಿ, ಅಲ್ಲಿಯ ಸೈನ್ಯದಲ್ಲಿ ಅಧಿಕಾರಿಯಾದವರು. ಆ ದೇಶದ ಹೆಸರು ಅವರ ಬಾಯಲ್ಲಿ ಬರುತ್ತಿದ್ದುದೇ ಕಡಿಮೆ, 'ಅಲ್ಲಿ' ಎನ್ನುತ್ತಿದ್ದರು. ನಾನೂ ಅದನ್ನು ಹಾಗೇ ಬಿಡುತ್ತೇನೆ. ಆಮೇಲೆ ಕ್ಲಾಂಗಿನ ಒಬ್ಬ ಶಿಕ್ಷಕಿಯನ್ನು ಮದುವೆಯಾಗಿ ಇಲ್ಲಿಗೆ ಬಂದರು. ನಾವು ಆ ಬೀದಿಗೆ ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮೇಜರ್ ಬಂದರಿನಲ್ಲಿ ಸರಕು ತಪಾಸಣೆ ಮಾಡುತ್ತ ಒಬ್ಬರೇ ಇದ್ದರು. ಆಜಾನುಬಾಹು, ಕೆಂಪು ಕತ್ತು, ಬಲಗಾಲು ಕುಂಟು. ಅವರನ್ನು ಎಲ್ಲರೂ ಮೇಜರ್ ಅನ್ನುತ್ತಾರೆ ಎಂದು ನಾನು ಹೇಳಿದ ದಿನ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು.

"ನಮ್ಮೂರಲ್ಲಿ ಹದ್ನೆಂಟಕ್ಕೇ ಮೇಜರ್ ಆಯ್ತಾರೆ. ಇವ್ನು ತಲೆ ನರೆದ ಮ್ಯಾಕೆ ಆದ್ನಾ?"

ಎರಡು ಪೋರ್ಚುಗಳ ನಡುವೆ ಮೊಣಕಾಲೆತ್ತರದ ಗೋಡೆ. ಸಂಜೆ ಆ ಕಡೆ ಮೇಜರ್ ಚಹಾದ ಮಗ್ ಹಿಡಿದು ಕೂರುವುದು, ಈ ಕಡೆ ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ಕೂರುವುದು, ಗೋಡೆಯ ಮೇಲೆ ನಾನು. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ಮೇಜರಿಗೆ ಇಂಗ್ಲಿಷ್ ಮತ್ತು ಒಡಕು ಮಲಯ್. ನಾನು ಮಾತು ದಾಟಿಸುವುದನ್ನು ಕಲಿತದ್ದು ಆ ಗೋಡೆಯ ಮೇಲೆ. ಅಜ್ಜಿ ಮೊದಲ ಸಲ ಮುದ್ದೆ ಕೊಟ್ಟಾಗ ಅವರು ಪಾಪ ಅಗಿಯತೊಡಗಿದರು. ಅಗಿಯಬಾರದು, ನುಂಗಬೇಕು ಎಂದು ನಾನು ಅಜ್ಜಿಯ ಮಾತನ್ನು ಅಜ್ಜಿಯದೇ ಗತ್ತಿನಲ್ಲಿ ಹೇಳಿದೆ. ಮೇಲಧಿಕಾರಿಯ ಆಜ್ಞೆ ಪಾಲಿಸುವವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನುಂಗಿದರು. ಅಂದಿನಿಂದ ಅವರು ಅಜ್ಜಿಗೆ ಮೇಜರಪ್ಪ ಆದರು.

ಅವರಿಗೆ ಶೌರ್ಯದ ಪದಕ ಬಂದಿದೆ ಎಂದು ಅಪ್ಪನಿಗೆ ಬಂದರಿನಲ್ಲಿ ಯಾರೋ ಹೇಳಿದರು. ಗೆದ್ದವರೆಂದರೆ ಅಪ್ಪನಿಗೆ ಪಂಚಪ್ರಾಣ. ಆ ಭಾನುವಾರವೇ ಮೇಜರರನ್ನು ನಮ್ಮ ಪೋರ್ಚಿಗೆ ಚಹಾಕ್ಕೆ ಕರೆದರು, ಅಮ್ಮನಿಂದ ಪಕೋಡ ಕರಿಸಿದರು. ಪಕ್ಕದಲ್ಲೇ ಇದ್ದುಕೊಂಡು ನಮಗೆ ಹೇಳಲೇ ಇಲ್ಲವಲ್ಲ, ಆ ಪದಕ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ಚಮಚಗಳ ಡ್ರಾಯರಿನಲ್ಲಿದೆ ಎಂದರು ಮೇಜರ್. ಮಾತು ಅಲ್ಲಿಗೇ ಮುಗಿಯಲಿ ಎಂಬಂತೆ ಪಕೋಡ ತೆಗೆದುಕೊಂಡರು. ಅಷ್ಟರಲ್ಲಿ ಅಜ್ಜಿ ನನ್ನನ್ನು ಮೊಣಕೈಯಿಂದ ತಿವಿದು, ಯಾತಕ್ಕೆ ಕೊಟ್ಟರಂತೆ ಕೇಳು ಎಂದಳು. ಕೇಳಿದೆ. ಸಿವಿಲ್ ವಾರ್‌ನಲ್ಲಿ ಎಂದರು. ವಾರ್ ಎಂದರೆ ಯುದ್ಧ ಎಂದು ನನಗೆ ಗೊತ್ತಿತ್ತು. ಸಿವಿಲ್‌ಗೆ ಕನ್ನಡ ಏನು? ಗೊತ್ತಿರಲಿಲ್ಲ. ಗೊತ್ತಿಲ್ಲದ ಪದವನ್ನು ಇದ್ದ ಹಾಗೇ ದಾಟಿಸುವುದು ದುಭಾಷಿಯ ಧರ್ಮ, ಈಗಲೂ ಅದನ್ನೇ ಪಾಲಿಸುತ್ತೇನೆ. ಸಿವಿಲ್ ಯುದ್ಧದಲ್ಲಂತೆ ಎಂದೆ. ಅಜ್ಜಿಗೆ ಕೇಳಿಸಿದ್ದು ಮೊದಲನೆಯ ಪದ ಮಾತ್ರ. ಪರದೇಶದಲ್ಲಿ ನೆಂಟರು ಸಿಕ್ಕವಳಂತೆ ಅವಳ ಮುಖ ಅರಳಿತು.

"ಸಿವಿಲ್ಲಾ! ಅಯ್ಯೋ ಸಿವನೇ, ನಮ್ಮನೇಲೂ ನಡೀತಲ್ಲಾ! ಅವ್ರೂರಲ್ಲಿ ಅದ್ಕೂ ಪದಕ ಕೊಡ್ತಾರಾ? ನಮ್ ಕೋರ್ಟಲ್ಲಿ ಬರೀ ತಾರೀಕು ಕೊಡ್ತಾರೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೋಡಿದಳು. ಅಪ್ಪ ಅದು ಹಾಗಲ್ಲ ಎಂದು ಬಾಯಿ ತೆರೆಯುವುದರೊಳಗೆ ಅಜ್ಜಿ ಮುಂದಿನ ಪ್ರಶ್ನೆ ಹಾಕಿ ಆಗಿತ್ತು.

"ಇವ್ನು ಅಣ್ಣನ ಕಡೇನೋ, ತಮ್ಮನ ಕಡೇನೋ ಕೇಳು ಮಗಾ."

ನಾನು ಕೇಳಿಬಿಟ್ಟೆ. ನೀವು ಅಣ್ಣನ ಕಡೆಯೋ, ತಮ್ಮನ ಕಡೆಯೋ? ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಮೇಜರ್, ತಪ್ಪು ತಿಳಿಯಬೇಡಿ, ನಮ್ಮ ತಾಯಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದರು. ಮೇಜರ್ ಕೈಯೆತ್ತಿ ಅಪ್ಪನನ್ನು ತಡೆದರು. ಪಕೋಡದ ತಟ್ಟೆಗೆ ಹತ್ತಿದ ಇರುವೆಯೊಂದನ್ನು ಬೆರಳಿನಿಂದ ಸರಿಸಿದರು. ಆಮೇಲೆ ಅಜ್ಜಿಯನ್ನೇ ನೋಡುತ್ತ ಮಾತಾಡಿದರು. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ, ನನ್ನ ಕಸುಬೇ ಅದು.

"ತಮ್ಮನ ಕಡೆ. ಇಷ್ಟು ವರ್ಷದಲ್ಲಿ ಇದನ್ನು ಸರಿಯಾಗಿ ಕೇಳಿದವರು ನೀವೊಬ್ಬರೇ."

ಉಳಿದದ್ದನ್ನು ನಾವು ಕೇಳದಿದ್ದರೂ ಅಂದು ಅವರೇ ಹೇಳಿದರು. ಆ ದೇಶ ಎರಡು ಹೋಳಾದಾಗ ಒಂದೇ ಸೈನ್ಯದ ಅಧಿಕಾರಿಗಳು ನದಿಯ ಎರಡು ದಂಡೆಯಲ್ಲಿ ನಿಂತರು. ಎದುರು ದಂಡೆಯ ತುಕಡಿಗೆ ಸ್ಯಾಮುಯೆಲ್ ಎಂಬಾತ ನಾಯಕ. ಅವನೂ ಇವರೂ ಒಂದೇ ಬ್ಯಾರಕ್ಕಿನಲ್ಲಿ ಮಲಗಿದವರು, ಒಂದೇ ಡಬ್ಬಿಯಿಂದ ಸಾರ್ಡೀನ್ ಮೀನು ತಿಂದವರು. ಈ ಕಡೆಯ ಊರಿನವರು ಗುಳೆ ಎದ್ದು ಪಾರಾಗುವ ತನಕ ಸೇತುವೆ ಬಿಟ್ಟುಕೊಡಬಾರದು ಎಂದು ಇವರಿಗೆ ಆಜ್ಞೆ. ಕಾಲಿಗೆ ಗುಂಡು ಬಿದ್ದರೂ ಇವರು ಬಿಟ್ಟುಕೊಡಲಿಲ್ಲ. ಪದಕ ಬಂದದ್ದು ಅದಕ್ಕೆ. ನಾನು ಒಂದೊಂದೇ ವಾಕ್ಯ ಅಜ್ಜಿಗೆ ದಾಟಿಸಿದೆ. ನದಿ ಎಂಬಲ್ಲಿ ಹೊಳೆ ಎಂದೆ, ಸೇತುವೆ ಎಂಬಲ್ಲಿ ಸೇತುವೆಯೇ ಎಂದೆ. ಅಜ್ಜಿ ಹೊಳೆದಂಡೆಯ ಜಮೀನಿನ ತಕರಾರು ಎಂದುಕೊಂಡಳೋ ಏನೋ, ಎಲ್ಲಕ್ಕೂ ಹೂಂಗುಟ್ಟಿದಳು. ಕೊನೆಗೆ ಅವಳದೊಂದೇ ಪ್ರಶ್ನೆ.

"ಗೆದ್ದ ಮ್ಯಾಕೆ ಅವ್ನ ಉಣ್ಣಕ್ಕೆ ಕರುದ್ನಾ?"

"ಅಷ್ಟರಲ್ಲಿ ಅವನು ಸತ್ತುಹೋಗಿದ್ದ," ಎಂದರು ಮೇಜರ್.

ನಾನು ಹೇಳಿದೆ. ಅಜ್ಜಿಯ ಕೈ ಹುಣಸೆಹಣ್ಣಿನ ಮೇಲೆ ನಿಂತಿತು.

"ಪಾಪ. ನಮ್ಮೋನು ಇನ್ನೂ ಬದುಕವ್ನೆ."

ಅಪ್ಪನ ಮುಖ ನೋಡಿ ಹೇಳಿದ್ದಲ್ಲ, ಹುಣಸೆಬೀಜಕ್ಕೆ ಹೇಳಿದ್ದು. ಅಪ್ಪ ಮಾತ್ರ ಖಾಲಿಯಾಗದ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಪಿತೃಪಕ್ಷ ಶುರುವಾದ ವಾರದಲ್ಲಿ ದೊಡ್ಡಪ್ಪನ ಫೋನ್ ಬಂತು. ಅವರು ಅಜ್ಜಿಗೆ ಆಗಾಗ ಫೋನ್ ಮಾಡುತ್ತಿದ್ದರು. ಗಂಟೆ ಬಾರಿಸಿದ ರೀತಿಯಲ್ಲೇ ಅಣ್ಣನದು ಎಂದು ಗೊತ್ತಾಗುವವರಂತೆ ಅಪ್ಪ ಎದ್ದು ಮಹಡಿಗೆ ಹೋಗುತ್ತಿದ್ದರು. ಈ ಸಲ ದೊಡ್ಡಪ್ಪ, ನಮ್ಮ ಸೊಸೈಟಿಯವರೆಲ್ಲ ಸಿಂಗಪುರ, ಮಲೇಷ್ಯಾ ಟೂರ್ ಹೊರಟಿದ್ದೇವೆ, ಅಮಾವಾಸ್ಯೆಯ ಹೊತ್ತಿಗೆ ಕೌಲಾಲಂಪುರದಲ್ಲಿರುತ್ತೇವೆ ಎಂದರು. ಹೋಟೆಲಿನ ಹೆಸರನ್ನು ಮಾತ್ರ ಒತ್ತಿ ಹೇಳಿ ಫೋನಿಟ್ಟರು. ಮನೆಗೆ ಬರುತ್ತೇನೆ ಎನ್ನಲಿಲ್ಲ. ಅಜ್ಜಿಗೆ ಅಷ್ಟು ಸಾಕಿತ್ತು. ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಮುಟ್ಟಿಸಿದಳು.

"ಬರ್ಲಿ. ಜೋಡಿ ಟವರ್ ನೋಡ್ಲಿ, ಬಾಟು ಗುಹೆ ಹತ್ಲಿ," ಎಂದರು ಅಪ್ಪ. "ನನ್ನ ಮನೆ ಅವನ ಟೂರಲ್ಲಿ ಇಲ್ಲ."

"ಮಾಲಯ ಅಮಾಸೇಲಿ ಮನೆ ಬಿಟ್ಟು ಯಾವನ್ಲಾ ದೇಸ ಸುತ್ತೋನು? ಎಡೆ ಮಡಗಕ್ಕೇ ಬತ್ತಾವ್ನೆ ಅವ್ನು."

"ಪಿತೃಪಕ್ಷದಲ್ಲಿ ಯಾರೂ ಹೊರಡಲ್ಲ, ಅದಕ್ಕೇ ಟಿಕೆಟ್ ಅಗ್ಗ. ಎಡೆಗೂ ಅಲ್ಲ ಗಿಡೆಗೂ ಅಲ್ಲ, ಅಗ್ಗಕ್ಕೆ ಬರ್ತಿದಾನೆ. ನೀನು ಬೇಕಾದ್ರೆ ಹೋಟ್ಲಿಗೆ ಹೋಗಿ ನೋಡ್ಕೊಂಡು ಬಾ, ಕಾರಲ್ಲಿ ಬಿಡ್ತೀನಿ."

"ಹೋಟ್ಲಲ್ಲಿ ಎಡೆ ಮಡಗಿದ್ರೆ ನಿಮ್ಮಪ್ಪ ಲಿಫ್ಟಲ್ಲಿ ಬತ್ತಾನಾ?"

ನನಗೆ ನಗು ತಡೆಯಲಾಗಲಿಲ್ಲ, ಅಪ್ಪನ ಕಣ್ಣು ನೋಡಿ ನುಂಗಿಕೊಂಡೆ. ಅಜ್ಜಿ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು. ಒಂದೇ ಎಡೆಯಾದರೆ ಇಡುತ್ತೇನೆ, ಇಲ್ಲವೆಂದರೆ ಈ ವರ್ಷ ಎಡೆಯೇ ಇಲ್ಲ. ಅವಳಿಲ್ಲದೆ ನಮ್ಮ ಮನೆಯಲ್ಲಿ ಎಡೆಗೆ ಏನು ಮಾಡಬೇಕು, ಯಾವುದರ ಪಕ್ಕ ಯಾವುದು ಬಡಿಸಬೇಕು ಎಂದು ಯಾರಿಗೂ ತಿಳಿಯದು. ಮರುದಿನದಿಂದ ಅವಳು ಅಡುಗೆಮನೆಗೂ ಕಾಲಿಡಲಿಲ್ಲ. ಕಚೇರಿಯಿಂದ ಬಸವಳಿದು ಬರುತ್ತಿದ್ದ ಅಮ್ಮ ಅಪ್ಪನಿಗೆ, ಮಮಕ್ ಅಂಗಡಿಯಿಂದ ರೋಟಿ ತಪಾವ್ ಮಾಡಿಸಿಕೊಂಡು ಬನ್ನಿ, ನಿಮ್ಮ ತಾಯಿಮಗನ ಜಗಳದಲ್ಲಿ ಒಲೆ ಹಚ್ಚಲು ನನ್ನ ಕೈಲಾಗದು ಎಂದಳು. ತಮಿಳು ಮುಸ್ಲಿಮರ ಹೋಟೆಲಿಗೆ ಇಲ್ಲಿ ಮಮಕ್ ಎನ್ನುತ್ತಾರೆ, ಪಾರ್ಸೆಲ್ಲಿಗೆ ತಪಾವ್. ರೋಟಿಯ ಪೊಟ್ಟಣಗಳು ದಿನಾ ಬಂದವು. ನನಗೇನೋ ಖುಷಿಯಾಗಿತ್ತು. ಆದರೆ ಅಜ್ಜಿ ಪೊಟ್ಟಣ ಬಿಚ್ಚದೆ ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಅಪ್ಪನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದದ್ದು ಅದೇ ಮೊದಲು.

ಅಮಾವಾಸ್ಯೆ ಹತ್ತಿರವಾದಾಗ ಒಂದು ಸಂಜೆ ಅಜ್ಜಿ ನನ್ನನ್ನು ಗೋಡೆಯ ಮೇಲೆ ಕೂರಿಸಿ ಮೇಜರರನ್ನು ಕರೆಸಿದಳು. ನಿಮ್ಮ ಆ ದಾಯಾದಿಗೆ ಎಡೆ ಯಾರಿಡುತ್ತಾರೆ ಎಂದು ಕೇಳಿಸಿದಳು. ಎಡೆ ಎಂದರೇನೆಂದು ನಾನು ವಿವರಿಸಿ ಹೇಳಿದೆ. ಸ್ಯಾಮುಯೆಲನ ಮನೆಯವರೆಲ್ಲ ಆ ಜಗಳದಲ್ಲೇ ದಿಕ್ಕಾಪಾಲಾದರು, ಅವನ ಹೆಸರು ಹೇಳುವವರು ಯಾರಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು ಎಂದರು ಮೇಜರ್. ಹಾಗಾದರೆ ನಾವೇ ಇಡೋಣ, ಆ ಅಮಾವಾಸ್ಯೆಯಂದು ಗತಿಗೋತ್ರ ಗೊತ್ತಿಲ್ಲದವರಿಗೂ ಇಡಬಹುದು, ಅವನಿಗೆ ಇಷ್ಟವಾದದ್ದು ಏನು ಎಂದಳು ಅಜ್ಜಿ. ಡಬ್ಬಿ ಸಾರ್ಡೀನ್, ಮಂದ ಸಿಹಿಹಾಲು ಹಾಕಿದ ಚಹಾ ಎಂದರು. ಪೋರ್ಚಿನಲ್ಲಿ ಕಾರು ಒರೆಸುತ್ತಿದ್ದ ಅಪ್ಪ ಇದನ್ನೆಲ್ಲ ಕೇಳಿಸಿಕೊಂಡರು.

"ಏನವ್ವಾ ಇದು? ನಮ್ಮಪ್ಪನಿಗೆ ಎಡೆ ಇಲ್ಲ, ಹೆಸರು ಕೇಳದೋನಿಗೆ ನಮ್ಮ ಮನೇಲಿ ಎಡೆನಾ?"

"ಅವ್ನಿಗೆ ಯಾರೂ ಇಲ್ಲ, ಅದ್ಕೆ ನಾ ಮಡಗ್ತೀನಿ. ನಿಮ್ಮಪ್ಪಂಗೆ ಇಬ್ರು ಗಂಡುಮಕ್ಕಳವ್ರೆ. ಅದು ನಿಮಗೆ ಬಿಟ್ಟಿದ್ದು."

ಅಮಾವಾಸ್ಯೆಯ ದಿನ ಅಜ್ಜಿ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಒಲೆಯ ಮುಂದೆ ನಿಂತಳು. ಮಟನ್ ಸಾರು, ಕಾಳು ಪಲ್ಯ, ಕಜ್ಜಾಯ, ವಡೆ, ತಾತನಿಗೆ ಇಷ್ಟವಾದ ಒಂದನ್ನೂ ಬಿಡಲಿಲ್ಲ. ಎಲ್ಲ ಮಾಡಿ ಪಾತ್ರೆಗಳಲ್ಲೇ ಮುಚ್ಚಿಟ್ಟಳು. ಹಿತ್ತಲಿನಿಂದ ಎರಡು ಬಾಳೆಎಲೆ ತರಿಸಿದಳು. ಒಂದನ್ನು ತಾತನ ಫೋಟೊದ ಕೆಳಗೆ ಹಾಸಿ ಬರಿದೇ ಬಿಟ್ಟಳು. ಇನ್ನೊಂದನ್ನು ಪಕ್ಕದಲ್ಲಿ ಹಾಸಿ, ಮೇಜರರ ದಾರಿ ಕಾದಳು. ಅಪ್ಪ ಪ್ರತಿ ವರ್ಷದಂತೆ ರಜೆ ಹಾಕಿದ್ದರು, ಸ್ನಾನ ಮಾಡಿ ಪಂಚೆ ಉಟ್ಟಿದ್ದರು. ಖಾಲಿ ಎಲೆಯ ಮುಂದೆ ಹಾಯುವಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದರು. ಮನೆ ತುಂಬ ಮಸಾಲೆಯ ಘಮ, ಹೊರಗೆ ತಂತಿಯ ಮೇಲೆ ಸಾಲುಗಟ್ಟಿ ಕೂತ ಕಾಗೆಗಳು. ಕ್ಲಾಂಗಿನಲ್ಲಿ ಬೇರೆ ಏನಕ್ಕೆ ಕೊರತೆ ಇದ್ದರೂ ಕಾಗೆಗೆ ಕೊರತೆಯಿಲ್ಲ ಎಂದು ಅಜ್ಜಿ ಈ ಊರನ್ನು ಬಹಳ ಮೆಚ್ಚಿಕೊಂಡಿದ್ದಳು.

ಮೇಜರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಬಾಗಿಲಲ್ಲಿ ಶೂ ಬಿಚ್ಚಿದರು. ಒಂದು ಕೈಯಲ್ಲಿ ತೆರೆದ ಸಾರ್ಡೀನ್ ಡಬ್ಬಿ, ಇನ್ನೊಂದರಲ್ಲಿ ಚಹಾದ ಮಗ್. ಅಜ್ಜಿ ತೋರಿಸಿದ ಹಾಗೆ ಮೀನನ್ನು ಎಲೆಯ ಮೇಲೆ ಬಡಿಸಿದರು. ಆಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿ, ಅದರಲ್ಲಿದ್ದ ಪದಕವನ್ನು ಮೀನಿನ ಪಕ್ಕದಲ್ಲಿಟ್ಟರು. ಮಾಸಿದ ಪಟ್ಟಿ, ಅದರ ತುದಿಗೆ ನಮ್ಮ ಹಳೆಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಲೋಹದ ಬಿಲ್ಲೆ. ಅಜ್ಜಿ ಬಗ್ಗಿ ನೋಡಿದಳು.

"ಪದಕ ಅಂದ್ರೆ ಇಷ್ಟೇಯಾ? ಸರ ಎಲ್ಲಿ? ಇದ್ಯಾಕೆ ಎಲೆಗೆ ಹಾಕ್ದ ಕೇಳು."

ಕೇಳಿದೆ. ಮೇಜರ್ ನನಗಲ್ಲ, ಎಲೆಗೆ ಉತ್ತರ ಕೊಟ್ಟರು. ನಾನು ನಿಂತಷ್ಟೇ ಹೊತ್ತು ಆ ತುದಿಯಲ್ಲಿ ಅವನೂ ನಿಂತಿದ್ದ, ಅವನಿಗೆ ಯಾರೂ ಏನೂ ಕೊಡಲಿಲ್ಲ, ಇದರಲ್ಲಿ ಅರ್ಧ ಅವನದು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಬರೀ ಅರ್ಧ. ಕನ್ನಡದಲ್ಲಿ ಬರೀ ಅರ್ಧ ಎಂದರೆ ಕಿವಿಗೆ ಏನೋ ಬೋಳಾಗಿ ಕೇಳಿಸಿತು. ಅಜ್ಜಿಯ ಬಾಯಲ್ಲಿ ದಿನಾ ಕೇಳುತ್ತಿದ್ದ ಪದವೊಂದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ಸೇರಿಸಿದೆ.

"ಇದ್ರಲ್ಲಿ ಅರ್ಧ ಪಾಲು ಅವ್ರುದಂತೆ ಅಜ್ಜಿ."

ಪಾಲು. ನಮ್ಮ ಮನೆ ಒಡೆದದ್ದೇ ಆ ಎರಡಕ್ಷರಕ್ಕೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅಪ್ಪ, ಯಾರೋ ಹೆಸರು ಹಿಡಿದು ಕೂಗಿದವರಂತೆ ತಲೆಯೆತ್ತಿದರು. ಪದಕ ನೋಡಿದರು, ಮೇಜರರ ಕುಂಟುಕಾಲು ನೋಡಿದರು, ಪಕ್ಕದ ಖಾಲಿ ಎಲೆ ನೋಡಿದರು. ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡರು.

"ಎಲ್ಲಿಗ್ರೀ?" ಎಂದಳು ಅಮ್ಮ.

"ಹೋಟ್ಲಿಗೆ."

ಉಟ್ಟ ಪಂಚೆಯಲ್ಲೇ ಹೋದರು. ಆಮೇಲೆ ದೊಡ್ಡಪ್ಪ ಅಮ್ಮನಿಗೆ ಹೇಳಿದ್ದು ಇಷ್ಟು. ಟೂರಿನವರೆಲ್ಲ ಬಸ್ಸಿನಲ್ಲಿ ಊರು ನೋಡಲು ಹೊರಟರೂ ದೊಡ್ಡಪ್ಪ ಹೋಗಿರಲಿಲ್ಲ. ಬೆಳಗಾಗೆದ್ದು ತಲೆಗೆ ನೀರು ಹಾಕಿಕೊಂಡು, ಒಂದು ಹನಿ ಕಾಫಿಯನ್ನೂ ಕುಡಿಯದೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಹೋಟೆಲಿನ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಅಪ್ಪ ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತರು. ಚೀಲವನ್ನು ಅಪ್ಪ ತೆಗೆದುಕೊಂಡರು.

ಗ್ರಿಲ್ ಬಾಗಿಲು ಸರಿದ ಸದ್ದಿಗೆ ಅಜ್ಜಿ ಹೊರಗೆ ಬರಲಿಲ್ಲ, ಅವಳು ಆಗಲೇ ಖಾಲಿ ಎಲೆಗೆ ಬಡಿಸತೊಡಗಿದ್ದಳು. ದೊಡ್ಡಪ್ಪ ಟೂರ್ ಕಂಪನಿಯ ಹಳದಿ ಟೋಪಿ ತೆಗೆದು ಅಮ್ಮನ ಕೈಗೆ ಕೊಟ್ಟರು, ಕೊರಳಲ್ಲಿದ್ದ ಗುರುತಿನ ಬಿಲ್ಲೆ ಮಾತ್ರ ಮರೆತು ಅಲ್ಲೇ ನೇತಾಡುತ್ತಿತ್ತು. ಮೇಜರಪ್ಪಂಗೇನೋ ಸಿವಿಲ್‌ಗೆ ಕೊಟ್ರು, ನಿಂಗೂ ಕೊಟ್ರೇನ್ಲಾ ಪದಕ ಎಂದು ಅಜ್ಜಿ ಕೇಳಿದಳು, ಕೇಳುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಚೀಲದಿಂದ ಬಂದದ್ದು ಒಂದು ಹೊಸ ಪಂಚೆ, ಹೆಗಲಿಗೆ ಹಾಕುವ ಒಂದು ವಲ್ಲಿ, ತಾತ ಸೇದುತ್ತಿದ್ದ ಬೀಡಿಯ ಕಟ್ಟು. ಅವನು ಎಡೆ ಇಡಲಿಕ್ಕೇ ಬರುತ್ತಾನೆ ಎಂದು ಅಜ್ಜಿ ಹೇಳಿದ್ದು ನಿಜವಾಗಿತ್ತು. ಟಿಕೆಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡಪ್ಪ ಮೊದಲು ಧೂಪ ಹಾಕಿದರು, ಆಮೇಲೆ ಅಪ್ಪ, ಆಮೇಲೆ ಮೇಜರ್ ಪಕ್ಕದ ಎಲೆಗೆ. ಹಿರಿಯರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು ಎಂದು ನಮ್ಮಲ್ಲಿ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗಿರುತ್ತಾರೆ. ಎಲ್ಲರೂ ಪೋರ್ಚಿನಲ್ಲಿ ನಿಂತೆವು. ಅಪ್ಪ ಒಂದು ಕಂಬಕ್ಕೆ ಒರಗಿ, ದೊಡ್ಡಪ್ಪ ಇನ್ನೊಂದು ಕಂಬಕ್ಕೆ, ನಡುವೆ ಕಾರು. ಅಜ್ಜಿ ಕೆಮ್ಮಿ, ಬಾಗಿಲು ತಟ್ಟಿ, ತೆರೆದಳು. ಕಾಗೆಗಳಿಗೆ ಹಾಕಿ ಆದ ಮೇಲೆ ನಮ್ಮ ಊಟ. ಹಾಲಿನ ಉದ್ದಕ್ಕೂ ಒಂದೇ ಸಾಲು. ಮೇಜರ್ ಕಾಲು ಮಡಿಸಲಾರದೆ ನೀಡಿಕೊಂಡು ಕೂತರು. ಮಟನ್ ಸಾರು ಬಾಯಿಗಿಟ್ಟ ದೊಡ್ಡಪ್ಪ ಯಾರನ್ನೂ ನೋಡದೆ ಹೇಳಿದರು.

"ಉಪ್ಪು ಕಮ್ಮಿ ಆಯ್ತು."

"ಸರ್ಯಾಗೇ ಅದೆ ಕನಣ್ಣೋ."

ಕೌಲಾಲಂಪುರದ ಮೀಟಿಂಗುಗಳಲ್ಲಿ ಪಳಗಿದ ಅಪ್ಪನ ಬಾಯಿಂದ ಆ ಮಂಡ್ಯದ ಮಾತು, ಆ ಅಣ್ಣ ಎಂಬ ಪದ, ತಾನಾಗಿ ಜಾರಿ ಬಿತ್ತು. ಅಜ್ಜಿ ಉಪ್ಪಿನ ಬಟ್ಟಲು ತಂದು ಇಬ್ಬರ ನಡುವೆ ಇಟ್ಟಳು. ಏನಂತೆ ಎಂದು ಮೇಜರ್ ನನ್ನ ಕಿವಿಯಲ್ಲಿ ಕೇಳಿದರು. ಉಪ್ಪಿನ ವಿಷಯ ಎಂದೆ. ಓ, ಎಂದು ಅವರು ತುಂಬ ಗಂಭೀರವಾಗಿ ತಲೆಯಾಡಿಸಿದರು. ಆಲೆಮನೆ ಏನಾಯಿತು ಎಂದು ಕೇಳುವವರಿಗೆ ಉತ್ತರ ಇದು: ಹೆಸರು ಇವತ್ತಿಗೂ ಅಪ್ಪನದೇ, ಬೀಗದ ಕೈ ದೊಡ್ಡಪ್ಪನ ಮನೆಯ ಗೂಟದಲ್ಲಿದೆ, ಪ್ರತಿ ವರ್ಷ ನಮಗೆ ಅಚ್ಚುಬೆಲ್ಲ ಬರುತ್ತದೆ, ಅದರ ಬಣ್ಣದ ಬಗ್ಗೆ ಇಬ್ಬರೂ ಫೋನಿನಲ್ಲಿ ಜಗಳವಾಡುತ್ತಾರೆ.

ಪದಕವನ್ನು ಮೇಜರ್ ವಾಪಸ್ ತೆಗೆದುಕೊಳ್ಳಲು ಹೋದಾಗ ಅಜ್ಜಿ ಬಿಡಲಿಲ್ಲ. ಪಾಲು ಎಂದು ಎಲೆಗೆ ಹಾಕಿದ್ದನ್ನು ಮತ್ತೆ ಚಮಚದ ಡ್ರಾಯರಿಗೆ ಹಾಕುವಂತಿಲ್ಲ ಎಂದು ನಮ್ಮ ದೇವರ ಗೂಡಿನಲ್ಲಿ ಇರಿಸಿದಳು. ಹೈಸ್ಕೂಲಿನಲ್ಲಿ ಚರಿತ್ರೆ ಓದಿದ ಮೇಲೆ ನಾನು ದೊಡ್ಡ ಪಂಡಿತೆಯಂತೆ ಅಜ್ಜಿಗೆ ವಿವರಿಸಿದೆ, ಸಿವಿಲ್ ವಾರ್ ಎಂದರೆ ಕೋರ್ಟಿನ ಸಿವಿಲ್ ಅಲ್ಲ, ಒಂದೇ ದೇಶದವರು ಎರಡು ಪಾಲಾಗಿ ಒಬ್ಬರನ್ನೊಬ್ಬರು ಕೊಲ್ಲುವುದು ಎಂದು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಅದ್ನೇ ಅಲ್ವಾ ಮಗಾ ನಾನೂ ಅಂದಿದ್ದು?"

ಅಜ್ಜಿ ಈಗಿಲ್ಲ, ಮೇಜರೂ ಇಲ್ಲ. ನನ್ನ ಮನೆ ಈಗ ಎತ್ತರದ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿದೆ. ಅಮಾವಾಸ್ಯೆಯ ಎಡೆ ನಾನೇ ಇಡುತ್ತೇನೆ. ಹಿರಿಯರಿಗೆಲ್ಲ ಒಂದು ಎಲೆ, ಸಾರ್ಡೀನಿಗೆ ಇನ್ನೊಂದು ಎಲೆ. ಆ ಎರಡನೆಯ ಎಲೆ ಮೇಜರಿಗೂ ಸ್ಯಾಮುಯೆಲ್‌ಗೂ ಸೇರಿ, ಒಂದೇ ಡಬ್ಬಿಯ ಮೀನು, ಸರಿಯಾಗಿ ಎರಡು ಪಾಲು, ನಡುವೆ ಪದಕ. ಪಾಲು ಮಾಡುವ ಕೆಲಸ ನನ್ನ ಮಗಳದು. ಅವಳೂ ನನ್ನ ಹಾಗೇ, ಕೇಳುವುದು ಕನ್ನಡ, ಉತ್ತರ ಇಂಗ್ಲಿಷು. ಅಜ್ಜಿಯ ಕಿವುಡುತನ ನನಗೂ ಬಂದಿದೆ, ಅದು ವಂಶದ ರೋಗ. ಕಳೆದ ಅಮಾವಾಸ್ಯೆಯಲ್ಲಿ ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ನಾವಿಬ್ಬರೂ ಲಿಫ್ಟಿನ ಎದುರಿನ ಕಾರಿಡಾರಿನಲ್ಲಿ ನಿಂತಿದ್ದೆವು. ಅವಳು ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದಳು. ಅಜ್ಜಿ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಆಡಿದ ಮಾತು ಅವಳಿಗೆ ನಾನು ಯಾವತ್ತೂ ಹೇಳಿದ್ದಿಲ್ಲ.

"ಅಮ್ಮಾ, ಅವ್ರು ಲಿಫ್ಟಲ್ಲಿ ಬರ್ತಾರಾ?" ಎಂದಳು. ಕನ್ನಡದಲ್ಲೇ ಕೇಳಿದಳು.

"ಬರ್ತಾರೆ ಮಗಾ. ಮೇಜರ್ ತಾತಂಗೆ ಕಾಲು ನೋವು. ಗುಂಡಿ ಒತ್ತಕ್ಕೆ ಇನ್ನೊಬ್ರು ಜೊತೇಲಿದಾರಲ್ಲ."